ಸದ್ದಿಲ್ಲದೆ ಬರುವುದರ ಭಯ

ಮಾಟುಂಗಾ, ಮುಂಬೈ

ಚಿ. ಸೌ. ವಿದ್ಯಾಳಿಗೆ ಸೋದರಮಾವನ ಆಶೀರ್ವಾದಗಳು.

ಪುಣೆಯಿಂದ ನೀನು ಬರೆದ ಪತ್ರದಲ್ಲಿ ಉಳಿದದ್ದೆಲ್ಲ ಸಂತೋಷದ ಸಂಗತಿಯೇ ಆದರೂ, ‘ಅಪ್ಪನಿಗೂ ಸೋದರತ್ತೆಗೂ ಬಂದ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ನನ್ನೊಳಗೂ ಸದ್ದಿಲ್ಲದೆ ಬೆಳೆಯುತ್ತಿದ್ದರೆ ತಿಳಿಯುವುದಾದರೂ ಹೇಗೆ?’ ಎಂಬ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. ಈ ಕ್ಯಾನ್ಸರಿನಲ್ಲಿ ಏರುವ ಒಂದು ಅಂಶವನ್ನು ಅಳೆಯುವ ಸಿಎ 19-9 ಎಂಬ ರಕ್ತಪರೀಕ್ಷೆಯನ್ನು ಮಾಡಿಸಿಬಿಡಲೇ ಎಂದೂ ಕೇಳಿದ್ದೀಯ. ಅದರಿಂದ ನೆಮ್ಮದಿ ಸಿಗುವಂತಿದ್ದರೆ ನಾನೇ ದುಡ್ಡು ಕಳಿಸುತ್ತಿದ್ದೆ. ಆದರೆ ಪಿತ್ತನಾಳ ಕಟ್ಟಿಕೊಂಡರೂ, ಮೇದೋಜೀರಕ ಗ್ರಂಥಿ ಊದಿಕೊಂಡರೂ ಆ ಅಂಕಿ ಏರುತ್ತದೆ. ಗಡ್ಡೆ ಸಣ್ಣದಿರುವಾಗ ಏರದೆಯೂ ಇರಬಹುದು. ಕೆಲವರ ಮೈಯಲ್ಲಂತೂ ಆ ಅಂಶ ಹುಟ್ಟುವುದೇ ಇಲ್ಲ.

ನಿನ್ನ ಅಪ್ಪ, ನಮ್ಮ ಭಾವನವರಿಗೆ 58ನೆಯ ವಯಸ್ಸಿನಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬಂದ ವರ್ಷ ನೆನಪಾಗುತ್ತಿದೆ. ಪ್ಯಾಂಟು ಸಡಿಲವಾಯಿತೆಂದು ಬೆಲ್ಟನ್ನು ನನ್ನ ಕೈಗೆ ಕೊಟ್ಟರು. ಮೊಳೆ ಕಾಸಿ ಇನ್ನೊಂದು ತೂತು ಮಾಡಿಕೊಟ್ಟೆ. ವಾಕಿಂಗ್ ಫಲ ಕೊಟ್ಟಿತೆಂದು ಮನೆಯವರೆಲ್ಲ ಹೊಗಳಿದೆವು. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಬಂದು, ಕಾರಣವಿಲ್ಲದೆ ತೂಕವೂ ಇಳಿದರೆ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕೇ ಎಂದು ಕೇಳಬೇಕೆನ್ನುವುದು ನಮಗಾರಿಗೂ ಹೊಳೆಯಲಿಲ್ಲ. ಕಣ್ಣು ಹಳದಿಯಾದ ಮೇಲೆ ಓಡಿದೆವು. ಆ ವಯಸ್ಸಿನಲ್ಲಿ ಸಕ್ಕರೆ ಬಂದ ನೂರು ಮಂದಿಯಲ್ಲಿ ಸುಮಾರು ಒಬ್ಬರಿಗಷ್ಟೇ ಮುಂದಿನ ಮೂರು ವರ್ಷಗಳಲ್ಲಿ ಈ ಕ್ಯಾನ್ಸರ್ ಕಾಣಿಸುತ್ತದೆಂದು ಈಗ ತಿಳಿದಿದ್ದರೂ ಮನಸ್ಸು ಒಪ್ಪುವುದಿಲ್ಲ.

ಆದ್ದರಿಂದ ನಿನ್ನ ಭಯವನ್ನು ನಾನು ಹುಚ್ಚೆನ್ನಲಾರೆ. ಲಕ್ಷಣವಿಲ್ಲದ ಸಾಮಾನ್ಯ ಜನರಿಗೆ ಈ ತಪಾಸಣೆ ಬೇಡವೆನ್ನುತ್ತಾರೆ. ಇಲ್ಲದ್ದನ್ನು ಕಂಡು ಸೂಜಿ, ಶಸ್ತ್ರಚಿಕಿತ್ಸೆಗಳವರೆಗೆ ಹೋಗುವ ಅಪಾಯವೇ ಹೆಚ್ಚು. ಆದರೆ ಹೆತ್ತ ತಂದೆಗೂ ಅವರ ಒಡಹುಟ್ಟಿದವರಿಗೂ ಬಂದಿರುವಾಗ ನಿನ್ನ ಲೆಕ್ಕ ಬೇರೆ. ಅಂಥವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಬಾಯಿಯಿಂದ ಕೊಳವೆ ಇಳಿಸಿ ಒಳಗಿನಿಂದಲೇ ನೋಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡುತ್ತಾರೆ. ಸಾಮಾನ್ಯವಾಗಿ 50ಕ್ಕೆ, ಇಲ್ಲವೇ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನಲ್ಲಿ ಬಂದವರಿಗಿಂತ 10 ವರ್ಷ ಮೊದಲು ಶುರು. ನಿನ್ನ ಅತ್ತೆಗೆ 54 ಆಗಿತ್ತು; ನಿನಗಿನ್ನೂ 36. ಸ್ಕ್ಯಾನಿಗೂ ಕೆಲವೊಮ್ಮೆ ಕಾಣದೆ ಹೋಗುತ್ತದೆಂಬುದನ್ನು ಮುಚ್ಚಿಡಲಾರೆ.

ನಾನು ವೈದ್ಯನಲ್ಲ, ಆದರೂ ಹೇಳುತ್ತೇನೆ: ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಆನುವಂಶಿಕ ಕ್ಯಾನ್ಸರಿನ ಸಲಹೆ ಕೊಡುತ್ತಾರೆ. ಬಿಆರ್‌ಸಿಎ 2ರಂಥ ಜೀನಿನ ದೋಷವಿದ್ದರೆ ವಯಸ್ಸಿನ ಲೆಕ್ಕವನ್ನು ಅವರೇ ಬದಲಿಸಿಯಾರು. ಬರುವಾಗ ಭಾವನವರ ಬಯಾಪ್ಸಿ ವರದಿ ತಾ. ನಿನ್ನ ತಮ್ಮನನ್ನೂ ಕರೆದುಕೊಂಡು ಬಾ. ಅವನದೂ ಅದೇ ರಕ್ತ, ಮೇಲೆ ಸಿಗರೇಟು ಬೇರೆ. ನನ್ನ ಮಾತಿಗೆ ಅವನು ನಗುತ್ತಾನೆ, ನಿನ್ನದನ್ನು ಕೇಳಿಯಾನು.

ಇಂತು ನಿನ್ನ
ಮಾವ