ಎಫ್‌ ಬ್ಲಾಕ್‌ ಪಾಠ ಹಾರಿಸಬೇಡಿ

ಮಾನ್ಯ ಸಂಪಾದಕರೇ,

2025ರ ಏಪ್ರಿಲ್‌ನಲ್ಲಿ ಚೀನಾ ಸಮೇರಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಸೇರಿ 7 ವಿರಳ ಭೂಲೋಹಗಳ (ರೇರ್‌ ಅರ್ತ್‌) ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಈ ಹೆಸರುಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ನಾನು ಇದೇ ಲೋಹಗಳ ಮೇಲೆ ಸಂಶೋಧನೆ ಮಾಡಿ, ಕಲಬುರಗಿಯಲ್ಲಿ ಪಾಠ ಹೇಳಿ ನಿವೃತ್ತನಾದವನು. ನಮ್ಮ ಭಾಗದ ಉಪನ್ಯಾಸಕರಲ್ಲಿ ನನ್ನದೊಂದು ಕೋರಿಕೆ ಇದೆ. ಎಫ್‌ ಬ್ಲಾಕ್‌ ಪಾಠವನ್ನು, ಅಂದರೆ ಆವರ್ತ ಕೋಷ್ಟಕದ ಕೆಳಗೆ ಬೇರೆಯಾಗಿ ಬರೆಯುವ, ಸಮೇರಿಯಂನಂಥ ಲೋಹಗಳಿರುವ ಎರಡು ಸಾಲಿನ ಪಾಠವನ್ನು, ಹಾರಿಸಬೇಡಿ.

ದ್ವಿತೀಯ ಪಿಯುಸಿಯಲ್ಲಿ ಆ ಎರಡು ಸಾಲುಗಳು, ಅಂದರೆ ಲ್ಯಾಂಥನೈಡ್‌, ಆಕ್ಟಿನೈಡ್‌ಗಳು, ಕಬ್ಬಿಣ, ತಾಮ್ರ ಇರುವ ಡಿ ಬ್ಲಾಕ್‌ ಮುಗಿದ ಮೇಲೆ ಕೊನೆಯ ಕೆಲವು ಪುಟಗಳಲ್ಲಿ ಬರುತ್ತವೆ. ಅಷ್ಟೊತ್ತಿಗೆ ಎಲ್ಲರಿಗೂ ಅವಸರ. ಲ್ಯಾಂಥನೈಡ್‌ ಸಂಕೋಚನದ (ಸಾಲಿನಲ್ಲಿ ಮುಂದೆ ಹೋದಂತೆ ಪರಮಾಣು ಸಣ್ಣದಾಗುವುದು) ಬಗ್ಗೆ ನಾಲ್ಕು ಸಾಲು ಬರೆಸಿ ಮುಂದೆ ಹೋಗುತ್ತಾರೆ. ಬಿಎಸ್ಸಿಗೆ ಬಂದ ಮಕ್ಕಳಿಗೆ ಆ ನಾಲ್ಕು ಸಾಲು ಬಿಟ್ಟರೆ ಜಾಸ್ತಿ ಏನೂ ಗೊತ್ತಿರುತ್ತಿರಲಿಲ್ಲ.

ಇದು ಸುಮ್ನೆ ಬಾಯಿಪಾಠ ಮಾಡುವ ವಿಷಯವಲ್ಲ. ಆಕ್ಸೈಡ್‌ ಪುಡಿಯನ್ನು ನೈಟ್ರಿಕ್‌ ಆಮ್ಲದಲ್ಲಿ ಕರಗಿಸಿ ಹರಳು ತೆಗೆಯಬೇಕು. ಲೋಹ ಎಷ್ಟಿದೆ ಎಂದು ತಿಳಿಯಲು ಇಡಿಟಿಎ ಟೈಟ್ರೇಷನ್‌ ಮಾಡಬೇಕು, ಅಂದರೆ ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಳೆಯಬೇಕು. ಕ್ಸೈಲಿನಾಲ್‌ ಆರೆಂಜ್‌ ಎಂಬ ಸೂಚಕ ಬಣ್ಣ ಕೆಂಪಿನಿಂದ ಹಳದಿಗೆ ತಿರುಗುವ ಆ ಒಂದು ಹನಿಗೆ ಕಾಯುವುದೇ ಒಂದು ಶಿಸ್ತು. ನಿಯೋಡೈಮಿಯಂ ಲವಣ ಬಿಸಿಲಿನಲ್ಲಿ ತಿಳಿ ನೇರಳೆ, ಟ್ಯೂಬ್‌ಲೈಟ್‌ ಕೆಳಗೆ ತಿಳಿ ನೀಲಿ. ಬಾಟಲಿಯನ್ನು ವರಾಂಡಕ್ಕೆ ಒಯ್ದು, ಮತ್ತೆ ಒಳಗೆ ತಂದು ನೋಡಿ ಎನ್ನುತ್ತಿದ್ದೆ. ಈ ಲೋಹಗಳ ಎಫ್‌ ಎಲೆಕ್ಟ್ರಾನ್‌ಗಳು ಬೆಳಕನ್ನು ಬಹಳ ಕಿರಿದಾದ ಪಟ್ಟಿಗಳಲ್ಲಿ ಹೀರುತ್ತವೆ, ಅದಕ್ಕೇ ಹೀಗೆ ಎಂದು ಆಮೇಲೆ ಹೇಳಿದರೆ ತಟ್ಟನೆ ತಿಳಿಯುತ್ತಿತ್ತು.

ಈ ಧಾತುಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಎಂದರೆ, ಹಲವು ದಶಕ ಒಂದೇ ಧಾತು ಎಂದುಕೊಂಡಿದ್ದ ಡಿಡಿಮಿಯಂನಲ್ಲಿ ನಿಯೋಡೈಮಿಯಂ ಮತ್ತು ಪ್ರೆಸಿಯೋಡೈಮಿಯಂ ಎರಡಿವೆ ಎಂದು ತೋರಿಸಲು 1885ರಲ್ಲಿ ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಆವರ್‌ ಫಾನ್‌ ವೆಲ್ಸ್‌ಬಾಖ್‌ ಬರಬೇಕಾಯಿತು. ಥೋರಿಯಂ ಆಕ್ಸೈಡಿಗೆ ಚೂರು ಸೀರಿಯಂ ಆಕ್ಸೈಡ್‌ ಸೇರಿಸಿ ಗ್ಯಾಸ್‌ಲೈಟಿನ ಮ್ಯಾಂಟಲ್‌ (ಉರಿಯಲ್ಲಿ ಬೆಳಗುವ ಬಲೆ) ಮಾಡಿದವನೂ ಅವನೇ. ನಮ್ಮ ಜಾತ್ರೆ, ಮದುವೆಗಳಲ್ಲಿ ಪೆಟ್ರೋಮ್ಯಾಕ್ಸ್‌ ಬೆಳಗಿದ್ದು ಅಂಥ ಮ್ಯಾಂಟಲ್‌ನಿಂದಲೇ. ಸೀರಿಯಂ ಒಂದು ಲ್ಯಾಂಥನೈಡ್‌, ಥೋರಿಯಂ ಒಂದು ಆಕ್ಟಿನೈಡ್‌!

ಇನ್ನು ಮತ್ತೊಂದು ಆಕ್ಟಿನೈಡ್‌, ಯುರೇನಿಯಂ. ಅದು ನಮ್ಮ ನೆಲದಲ್ಲೇ ಇದೆ, ಅಲ್ವಾ? ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ನೆಲ ಬಿರಿದ ಸೀಳಿನ ಗುಂಟ, ಸುಣ್ಣಕಲ್ಲಿನಲ್ಲೂ ಅದರಡಿಯ ಗ್ರಾನೈಟಿನಲ್ಲೂ ಸೇರಿಕೊಂಡಿದೆ. (ನಾವು ಮನೆಗೆ ಹಾಸುವ ಶಹಾಬಾದ್‌ ಕಲ್ಲೂ ಭೀಮಾ ಕಣಿವೆಯ ಸುಣ್ಣಕಲ್ಲೇ. ಅಷ್ಟಕ್ಕೇ ಅದಕ್ಕೆ ಹೆದರಬೇಕಿಲ್ಲ.) ಆ ಕಡೆಯಿಂದ ಬಂದ ವಿದ್ಯಾರ್ಥಿಗಳು ಕೇಳುತ್ತಿದ್ದರು: "ಸರ್‌, ಬೋರಿನ ನೀರು ಕುದಿಸಿದ್ರ ಯುರೇನಿಯಂ ಹೋಗ್ತದೇನ್ರಿ?"

ಹೋಗುವುದಿಲ್ಲ. ನೀರಿನಲ್ಲಿ ಅದು ಯುರೇನೈಲ್‌ ಅಯಾನ್‌ (ಆಮ್ಲಜನಕದೊಂದಿಗೆ ಕೂಡಿದ, ವಿದ್ಯುದಾವೇಶವಿರುವ ಯುರೇನಿಯಂ ಕಣ) ಆಗಿರುತ್ತದೆ. ಸುಣ್ಣಕಲ್ಲಿನ ಕಾರ್ಬೊನೇಟ್‌ ಜೊತೆ ಕೂಡಿದರೆ ಚೆನ್ನಾಗಿ ಕರಗಿ ನೀರಿನೊಂದಿಗೇ ಹರಿಯುತ್ತದೆ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಆರ್‌ಒ ಯಂತ್ರ ಅದನ್ನು ತೆಗೆಯಬಲ್ಲದು. ಕುಡಿಯುವ ನೀರಿನ ಯುರೇನಿಯಂನಿಂದ ಮೊದಲು ಚಿಂತಿಸಬೇಕಾದ್ದು ಕಿಡ್ನಿಯ ಬಗ್ಗೆ, ಅದೂ ವಿಕಿರಣಕ್ಕಿಂತ ಅದರ ರಾಸಾಯನಿಕ ಗುಣದಿಂದ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಯಾವ ಬೋರಿನಲ್ಲಿ ಎಷ್ಟಿದೆ ಎಂಬುದನ್ನು ಪರೀಕ್ಷೆಯಿಂದಲೇ ತಿಳಿಯಬೇಕು, ಕಣ್ಣಿಗೂ ನಾಲಿಗೆಗೂ ಗೊತ್ತಾಗುವುದಿಲ್ಲ. ಇಷ್ಟನ್ನು ನಮ್ಮ ಮಗುವೊಂದು ಮನೆಗೆ ಹೋಗಿ ಅವ್ವ–ಅಪ್ಪನಿಗೆ ತಿಳಿಸಿ ಹೇಳುವಂತಾಗಬೇಕು. ಸುಳ್ಳು ಧೈರ್ಯವೂ ಬೇಡ, ಸುಳ್ಳು ಭಯವೂ ಬೇಡ.

ಕಾಲೇಜುಗಳಿಗೆ ಯುರೇನಿಯಂ, ಥೋರಿಯಂ ಲವಣ ತರಿಸುವ ಅಗತ್ಯವಿಲ್ಲ. ನಿಯೋಡೈಮಿಯಂ, ಎರ್ಬಿಯಂ, ಪ್ರೆಸಿಯೋಡೈಮಿಯಂ ಲವಣ ಕೆಲವು ಗ್ರಾಂ ಇದ್ದರೆ ಸಾಕು, ಎಷ್ಟೋ ತಂಡಗಳಿಗೆ ತೋರಿಸಬಹುದು. ರಜೆಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ನಮ್ಮ ಭಾಗದ ಪಿಯು ಉಪನ್ಯಾಸಕರನ್ನು ಕರೆದು ಎರಡು ದಿನ ಈ ಪ್ರಯೋಗಗಳನ್ನು ಮಾಡಿಸಿದರೆ ಬಹಳ ಉಪಕಾರವಾಗುತ್ತದೆ. ಕರೆದರೆ ಬಂದು ಜೊತೆಗೆ ನಿಲ್ಲಲು ನಾನು ಸಿದ್ಧನಿದ್ದೇನೆ.

– ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕ, ಕಲಬುರಗಿ