ವಿ.ಸಿ. ಫಾರಂನ ರಾಗಿ ಹೊಲದಿಂದ ಒಂದು ವಂದನೆ

ನನ್ನ ಪಿಎಚ್‌ಡಿ ವೈವಾ ಮುಗಿಯಿತು. ವಿಷಯ ರಾಗಿಯ ಬೆಂಕಿ ರೋಗ, ಅಂದರೆ ಎಲೆ, ತೆನೆಗಳನ್ನು ಸುಟ್ಟಂತೆ ಒಣಗಿಸುವ ಶಿಲೀಂಧ್ರ ರೋಗ. ಪ್ರಯೋಗಗಳು ಹೆಚ್ಚಾಗಿ ನಡೆದದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ. ಪ್ರಬಂಧದ ಮೊದಲ ಪುಟದಲ್ಲಿ ಗೈಡ್ ಮೇಡಂಗೆ, ಅಪ್ಪ ಅಮ್ಮನಿಗೆ ವಂದನೆ ಹೇಳಿದ್ದೇನೆ. ಆದರೆ ಆ ಪುಟವನ್ನು ಓದುವವರು ಕಡಿಮೆ. ಅಲ್ಲಿ ಹೆಸರು ಸೇರದ ಎಷ್ಟೋ ಜನರಿಗೆ ಇಲ್ಲಿ ಹೇಳಬೇಕು ಅನ್ನಿಸಿತು.

ಮೊದಲ ವಂದನೆ ತೆರಿಗೆ ಕಟ್ಟುವ ನಿಮಗೆ. ನಮ್ಮ ಹೊಲ ನಡೆಯುವುದು ಅಖಿಲ ಭಾರತ ಸುಸಂಘಟಿತ ಕಿರುಧಾನ್ಯ ಸಂಶೋಧನಾ ಯೋಜನೆಯ ದುಡ್ಡಿನಲ್ಲಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿರುವ ಇಂಥ ಕೇಂದ್ರಗಳ ಖರ್ಚಿನಲ್ಲಿ ನೂರಕ್ಕೆ 75 ರೂಪಾಯಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನದು, 25 ರೂಪಾಯಿ ರಾಜ್ಯದ್ದು. ಎರಡೂ ನಿಮ್ಮದೇ. ತೆನೆಗೆ ಹೊದಿಸುವ ಬಟರ್ ಪೇಪರ್ ಚೀಲ, ಟ್ಯಾಗು, ಟ್ರ್ಯಾಕ್ಟರ್ ಡೀಸೆಲ್, ತೆನೆ ಬಲಿಯುವಾಗ ಹಕ್ಕಿ ಓಡಿಸುವವರ ಕೂಲಿ, ಎಲ್ಲವೂ ಅದರಲ್ಲೇ ಬರಬೇಕು. ನೋಡೋಕೆ ಚಿಕ್ಕ ಖರ್ಚುಗಳು. ಆದರೆ ಹಕ್ಕಿ ಓಡಿಸುವವರಿಲ್ಲದೆ ಒಂದು ವಾರ ಕಳೆದರೆ ಇಡೀ ವರ್ಷದ ಲೆಕ್ಕವೇ ಹೋಯಿತು.

ಇನ್ನು ನಮ್ಮ ಹೊಲದ ಅಕ್ಕಂದಿರು. ಅವರ ಬಗ್ಗೆ ಜಾಸ್ತಿ ಬರೆಯಬೇಕು.

ರಾಗಿ ಹೂವು ತೀರಾ ಚಿಕ್ಕದು. ಅರಳುವುದೂ ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವದೊಳಗೆ. ಒಂದೊಂದು ಹೂವಿನ ಕೇಸರ ಕಿತ್ತು ತಳಿ ಬೆರೆಸುವುದು ಬಹಳ ಕಷ್ಟ. ಹಾಗಾಗಿ ಹೂ ಅರಳುವ ಮುಂಚೆ, ಗಿಡದಲ್ಲಿರುವ ತೆನೆಯನ್ನೇ ಮೆಲ್ಲಗೆ ಬಗ್ಗಿಸಿ 52 ಡಿಗ್ರಿ ಬಿಸಿನೀರಿನಲ್ಲಿ 5 ನಿಮಿಷ ಅದ್ದಿ ಹಿಡಿಯುತ್ತಾರೆ. ಪರಾಗ ಸಾಯುತ್ತದೆ, ಹೆಣ್ಣು ಭಾಗ ಉಳಿಯುತ್ತದೆ. ಆಮೇಲೆ ಗಂಡು ತಳಿಯ ತೆನೆಯನ್ನು ಅದಕ್ಕೆ ಸೇರಿಸಿ ಕಟ್ಟಿ ಚೀಲ ಹೊದಿಸಬೇಕು. ಗಂಡಿಗೆ ನೇರಳೆ ಬಣ್ಣದ ತಳಿ ಆರಿಸಿಕೊಂಡರೆ, ಮುಂದಿನ ಬೆಳೆಯಲ್ಲಿ ನೇರಳೆ ಛಾಯೆ ಬಂದ ಗಿಡವೇ ನಿಜವಾದ ಬೆರಕೆ ಅಂತ ಗೊತ್ತಾಗುತ್ತದೆ. ಥರ್ಮಾಮೀಟರ್ ನೋಡುತ್ತಾ ನಾನು ಗಾಬರಿಯಾಗುತ್ತಿದ್ದರೆ, ಪಕ್ಕದಲ್ಲಿ ಫ್ಲಾಸ್ಕ್ ಹಿಡಿದ ಅಕ್ಕ "ತೆನೆ ಕತ್ತು ಮುರೀಬಾರ್ದು ಕಣವ್ವ, ನಿಧಾನ" ಅಂತ ನನ್ನ ಕೈ ಸರಿ ಮಾಡುತ್ತಿದ್ದರು. ನನ್ನ ಪ್ರಬಂಧದಲ್ಲಿರುವ ಪ್ರತಿಯೊಂದು ಬೆರಕೆಯ ಹಿಂದೆ ಅವರ ಕೈಯಿದೆ. ಅವರು ದಿನಗೂಲಿಯವರು. ಯೋಜನೆಯ ದುಡ್ಡು ತಡವಾದರೆ ಮೊದಲು ನಿಲ್ಲುವುದು ಅವರ ಕೆಲಸ. ಇದು ಸರಿಯಲ್ಲ ಅಂತ ನಾನು ಈಗಲೂ ಗಟ್ಟಿಯಾಗಿ ಹೇಳುತ್ತೇನೆ.

ದುಡ್ಡು ತಡವಾದದ್ದೂ ಉಂಟು. ಒಂದು ಮುಂಗಾರಿನಲ್ಲಿ ನನ್ನ ಶಿಷ್ಯವೇತನ ತಿಂಗಳುಗಟ್ಟಲೆ ಬರಲಿಲ್ಲ. ಹಾಸ್ಟೆಲ್ ಮೆಸ್ಸಿನವರು ಬಾಕಿ ಕೇಳದೆ ಊಟ ಹಾಕಿದರು. ಅಕೌಂಟ್ಸ್ ಸೆಕ್ಷನ್ನಿನ ಅಣ್ಣ ಮಾರ್ಚ್ ಕೊನೆಯ ರಾತ್ರಿ ಕೂತು ಖರ್ಚಿನ ಪ್ರಮಾಣಪತ್ರ ಮುಗಿಸಿ ಕಳಿಸಿದರು. ಅದು ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ. ಈ ಇಬ್ಬರ ಋಣ ದೊಡ್ಡದು.

ಇದೇ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಬೆರೆಸಿ ಇಂಡಾಫ್ ತಳಿಗಳನ್ನು ತಂದರು. ಆಮೇಲೆ ಬಂದವರು ಕೆಎಂಆರ್ ಎಂಬ ರಾಗಿ ತಳಿಗಳನ್ನು ಕೊಟ್ಟರು. ಬೆರಕೆ ಮಾಡಿದ ದಿನದಿಂದ ಬೀಜ ರೈತರ ಕೈಗೆ ಸಿಗುವ ತನಕ ಸುಮಾರು 10 ವರ್ಷ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಪ್ರಾಜೆಕ್ಟ್‌ಗಳು ಸಾಮಾನ್ಯವಾಗಿ 3 ವರ್ಷದವು. ಈ ನಡುವಿನ ವರ್ಷಗಳನ್ನು ದಾಟಿಸುವುದು ಸುಸಂಘಟಿತ ಯೋಜನೆಯಂಥ ಕಾಯಂ ದುಡ್ಡೇ. ಬೆಂಗಳೂರು, ದೆಹಲಿಯ ದೊಡ್ಡ ಸಂಸ್ಥೆಗಳಿಗೆ ಬೇರೆ ದಾರಿಗಳೂ ಇರುತ್ತವೆ. ಹಳ್ಳಿ ಕಡೆಯ ಚಿಕ್ಕ ಕ್ಯಾಂಪಸ್ಸಿಗೆ ಇದೇ ಆಸರೆ, ಅಲ್ವಾ? ಹಾಗಂತ ಇಲ್ಲಿನ ಕೆಲಸ ಚಿಕ್ಕದಲ್ಲ. ರೋಗ ಬರುವ ಹೊಲದಲ್ಲೇ ರೋಗದ ಪರೀಕ್ಷೆ ಆಗಬೇಕು. ಬೇಗ ರೋಗ ಹಿಡಿಯುವ ಉದುರುಮಲ್ಲಿಗೆ ಎಂಬ ರಾಗಿ ತಳಿಯನ್ನು ಸಾಲುಗಳ ನಡುವೆ ಬಿತ್ತಿ, ಅದು ಬೆಂದು ಹೋದಾಗ ಪಕ್ಕದ ಯಾವ ಸಾಲು ಹಸಿರಾಗಿ ನಿಂತಿದೆ ಅಂತ ನೋಡುವ ಕೆಲಸ ಎಸಿ ರೂಮಿನಲ್ಲಿ ಆಗುವುದಲ್ಲ.

ಕೊನೆಯ ವಂದನೆ, ಹೊಲದಲ್ಲಿ ಜಾಗ ಬಿಟ್ಟುಕೊಟ್ಟ ಸುತ್ತಲ ಊರಿನ ರೈತರಿಗೆ. "ಬಂದ್ರೆ ಬೆಳೆ, ಹೋದ್ರೆ ನಿಮ್ಮ ಪಾಠ" ಅಂದು ನನ್ನ ಸಾಲುಗಳನ್ನು ತಮ್ಮ ರಾಗಿಯ ಹಾಗೇ ಕಾಪಾಡಿದರು. ಕೆಲವು ಸಾಲು ಚೆನ್ನಾಗಿ ಬಂದವು, ಕೆಲವು ರೋಗಕ್ಕೆ ಹೋದವು. ಎರಡೂ ಲೆಕ್ಕಕ್ಕೆ ಸೇರಿವೆ.

ನನ್ನ ಬೀಜಗಳನ್ನು, ಹೊಲದ ಪುಸ್ತಕಗಳನ್ನು ಕೇಂದ್ರಕ್ಕೆ ಒಪ್ಪಿಸಿದ್ದೇನೆ. ಈ ಮುಂಗಾರಿಗೆ ಜೂನಿಯರ್ ಹುಡುಗಿಯೊಬ್ಬಳು ಅವುಗಳ ಮುಂದಿನ ಪೀಳಿಗೆ ಬಿತ್ತುತ್ತಾಳೆ. ಕೃಷಿ ಮೇಳಕ್ಕೆ ಮಂಡ್ಯಕ್ಕೆ ಬಂದವರು ದಯವಿಟ್ಟು ರಾಗಿ ತಾಕಿನ ತನಕ ಬನ್ನಿ. ಅಕ್ಕಂದಿರು ಅಲ್ಲೇ ಇರುತ್ತಾರೆ. ಏನು ಬೇಕಾದರೂ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.