ಸರ್ಕಸ್ ನೆನಪಿನ ಕಲಾ ಪ್ರದರ್ಶನ: ಹಳೆಯ ವಸ್ತುಗಳಿದ್ದರೆ ತಿಳಿಸಿ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ನಮ್ಮ ಕಲಾವಿದ ಗೆಳೆಯರು ಸರ್ಕಸ್ಸಿನ ಇತಿಹಾಸವನ್ನೂ ಊರಿನ ನೆನಪನ್ನೂ ಸೇರಿಸಿ ಸಮಕಾಲೀನ ಕಲಾ ಪ್ರದರ್ಶನವೊಂದಕ್ಕೆ ಸಿದ್ಧತೆ ನಡೆಸಿದ್ದಾರೆ. ಹಳೆಯ ಟಿಕೆಟ್, ಕರಪತ್ರ, ಡೇರೆಯ ಮುಂದೆ ತೆಗೆಸಿಕೊಂಡ ಫೋಟೊ ಇದ್ದರೆ ದಯವಿಟ್ಟು ಕೊಡಿ. ಸ್ಕ್ಯಾನ್ ಮಾಡಿ ಹಿಂತಿರುಗಿಸುತ್ತೇವೆ. ದುರ್ಗಾಂಬಿಕಾ ಜಾತ್ರೆಯ ಹೊತ್ತಿಗೆ ಸರ್ಕಸ್ ನೋಡಿದ ಹಿರಿಯರು ಧ್ವನಿ ಸಂದೇಶ ಕಳುಹಿಸಿದರೂ ಆಯಿತು, ಅದನ್ನೇ ಪ್ರದರ್ಶನದಲ್ಲಿ ಕೇಳಿಸುವ ಯೋಚನೆಯಿದೆ.

ವಿಷ್ಣುಪಂತ ಛತ್ರೆಯವರು 1880ರಲ್ಲಿ ಮುಂಬೈಯಲ್ಲಿ ಮೊದಲ ಭಾರತೀಯ ಸರ್ಕಸ್ ಪ್ರದರ್ಶಿಸಿದರು. ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಹುಡುಗರಿಗೆ ಕಸರತ್ತು ಕಲಿಸಿದ್ದರಿಂದಲೇ ಮುಂದೆ ದೇಶದ ಡೇರೆಗಳಲ್ಲಿ ಮಲಯಾಳಿ ಕಲಾವಿದರು ತುಂಬಿದರು. ಹುಲಿ, ಸಿಂಹ, ಕರಡಿಗಳ ಆಟವನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಬಳಕೆಯನ್ನೂ ತಡೆಯಿತು. ಎರಡೂ ಆಗಬೇಕಾದದ್ದೇ. ಹಾಗಾಗಿ ಸಿಂಹದ ಚಿತ್ರಗಳಿಗಿಂತ ಡೇರೆಯ ಹಿಂಬದಿಯ ಅಡುಗೆ, ಬಟ್ಟೆ ಹೊಲಿಗೆ, ತಾಲೀಮಿನ ನೆನಪುಗಳು ಬಂದರೆ ಹೆಚ್ಚು ಸಂತೋಷ.

ಫೋಟೊ ಹಿಂದೆ ನಿಮ್ಮ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ. ತಿಂಗಳ ಕೊನೆಯೊಳಗೆ ತಲುಪಿಸಿ. ಅಲ್ಲಿಯವರೆಗೆ ಈ ಗುಂಪಿನಲ್ಲಿ ಶುಭೋದಯದ ಚಿತ್ರಗಳಿಗೆ ತುಸು ಬಿಡುವು ಕೊಟ್ಟರೆ ನಿಮ್ಮ ಫೋಟೊಗಳು ಕಳೆದುಹೋಗುವುದಿಲ್ಲ.